ಅಪ್ಪ ಟೇಪು ಹಿಡಿದು ಬಂದರೆ

ಪುಟ್ಟಾ,

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ತರಬೇತಿ ನನಗೆ ಇವತ್ತೂ ಇದೆ. ಸಂಜೆಯವರೆಗೆ ಅಪ್ಪನ ಜೊತೆ ನೀನೊಬ್ಬನೇ.

ಊಟ ಮುಚ್ಚಿಟ್ಟಿದ್ದೇನೆ. ಎದುರಿಗೆ ಕೂತು ನೀನೂ ತಿನ್ನು, ನಿನ್ನನ್ನು ನೋಡಿ ಅವರೂ ತಿನ್ನುತ್ತಾರೆ. ಮಾತ್ರೆ ಆಮೇಲೆ. ಕತ್ತರಿ ನನ್ನ ಬೀರುವಿನಲ್ಲಿದೆ. ಕೇಳಿದರೆ ಸಾಣೆಗೆ ಕೊಟ್ಟಿದೆ ಅನ್ನು.

ಇನ್ನು, "ಅಪ್ಪಾ, ನಾನ್ಯಾರು ಹೇಳು ನೋಡೋಣ" ಅಂತ ಕೇಳುವ ಚಾಳಿ ಬಿಡು ಮಾರಾಯ. ಅವರೇನು ಪರೀಕ್ಷೆಗೆ ಕೂತಿದ್ದಾರಾ? ನೀನು ಕೇಳಿದಾಗಲೆಲ್ಲ ಅವರ ಮುಖ ಸಣ್ಣಗಾಗುತ್ತದೆ, ಆಮೇಲೆ ನಿನ್ನದೂ. ತಿದ್ದಬೇಡಿ, ಅವರಿರುವ ಕಡೆಗೆ ನೀವೇ ಹೋಗಿ ಅಂತ ತರಬೇತಿಯಲ್ಲಿ ಹೇಳಿದಾಗ, ಹೇಳುವುದು ಸುಲಭ ಅಂದುಕೊಂಡಿದ್ದೆ ನಾನೂ.

ನಿನ್ನೆ ಸಂಜೆ ನಾನು ಒಳಗೆ ಬರುತ್ತಿದ್ದ ಹಾಗೇ, ಅಪ್ಪ ನನ್ನನ್ನು ಯಾರೋ ಗಿರಾಕಿ ಅಂದುಕೊಂಡು ಟೇಪು ಹಿಡಿದು ಬಂದರು. ಟೈಲರ್ ಅಂಗಡಿ ಮುಚ್ಚಿ ಎಷ್ಟು ಕಾಲ ಆಯಿತು ಅಪ್ಪಾ ಎನ್ನಲು ಹೊರಟವಳು, ಬಾಯಿ ಮುಚ್ಚಿಕೊಂಡು ನಿಂತೆ. ಭುಜ ಅಳೆದರು.

"ಎಡಗಡೆ ಒಂಚೂರು ತಗ್ಗು ಕಣಮ್ಮ. ಚಿಂತೆ ಮಾಡ್ಬೇಡ, ನನ್ನ ಮಗಳಿಗೂ ಹೀಗೇ. ಯಾರ ಕಣ್ಣಿಗೂ ಬೀಳದ ಹಾಗೆ ಹೊಲೀತೀನಿ. ಅವಳಿಗೇ ಗೊತ್ತಿಲ್ಲ" ಅಂದರು.

ಗೊತ್ತಿರಲಿಲ್ಲ ಕಣೋ. ಇಷ್ಟು ವರ್ಷ ಅವರು ಹೊಲಿದದ್ದನ್ನೇ ತೊಟ್ಟೆ, ನಿಜಕ್ಕೂ ಗೊತ್ತಿರಲಿಲ್ಲ.

ಇವತ್ತು ನಿನ್ನ ಹತ್ತಿರ ಬಂದರೆ ನೆಟ್ಟಗೆ ನಿಂತುಕೊ. ಕೈ ಎತ್ತು ಅಂದರೆ ಎತ್ತು. ನಾನ್ಯಾರು ಅಂತ ಮಾತ್ರ ಕೇಳಬೇಡ. ನೀನು ಸುಮ್ಮನಿದ್ದರೆ ಮಗನ ಸುದ್ದಿ ಅವರೇ ತೆಗೆದಾರು.

ಅಕ್ಕ