ಸುಣ್ಣದ ಕಲೆ

ನವೆಂಬರ್ 9, ಬೆಳಿಗ್ಗೆ

ಅಕ್ಕಿ ಅರೆದು ಬಟ್ಟೆಯಲ್ಲಿ ಸೋಸಿದೆ, ಎರಡು ಸಲ. ಸುಣ್ಣ ಕಿರುಬೆರಳ ತುದಿಯಷ್ಟು, ಎಂದಿನಂತೆ. ಕಾಗದ ಕತ್ತರಿಸಿಟ್ಟೆ.

ನಿನ್ನೆಯದು ಬರೆದಿಡಬೇಕು. ನಮ್ಮ ತಂಡದ ಗುರು ಚಾತ್ತುಣ್ಣಿ ಆಶಾನ್ ಚಾಪೆಯ ಮೇಲೆ ಅಂಗಾತ, ನಾನು ತಲೆಯ ಬಳಿ. ಇಪ್ಪತ್ತೆರಡು ವರ್ಷದಿಂದ ಇದೇ. ಕಥಕಳಿಯ ಪ್ರತಿ ಆಟಕ್ಕೂ ಅವರು ಕಣ್ಣು ಮುಚ್ಚುತ್ತಾರೆ, ನಾನು ದವಡೆಯ ಅಂಚಿಗೆ ಹಿಟ್ಟಿನ ಚುಟ್ಟಿ ಎಬ್ಬಿಸುತ್ತೇನೆ, ಕಿವಿಯಿಂದ ಕಿವಿಗೆ. ಒಣಗುವವರೆಗೆ ಮಾತಿಲ್ಲ, ನಗುವಿಲ್ಲ. ತುಟಿ ಅಲುಗಿದರೆ ಬಿರುಕು. ನೀರು ಬೇಕಿದ್ದರೂ ಕೈಮುದ್ರೆಯಲ್ಲೇ ಕೇಳುತ್ತಾರೆ.

ಸುಣ್ಣ ಮೊದಲು ತಾಗುವಾಗ ಯಾರದೇ ಆಗಲಿ, ಹುಬ್ಬು ಒಮ್ಮೆ ಗಂಟಾಗುತ್ತದೆ. ನಿನ್ನೆ ಆಗಲಿಲ್ಲ. ಕಾಗದ ಸರಿಪಡಿಸುವಾಗ ಬ್ಲೇಡ್ ಜಾರಿ ಎಡಗಿವಿಯ ಮುಂದೆ ಗೀರಿತು. ರಕ್ತ. ಅವರು ಅಲುಗಲಿಲ್ಲ. ನಿದ್ದೆ ಎಂದುಕೊಂಡೆ.

ಅಷ್ಟರಲ್ಲಿ ಕೈಯೆತ್ತಿ ನೀರು ಕೇಳಿದರು.

ನವೆಂಬರ್ 16

ಗೀರಿದ ಜಾಗದಲ್ಲಿ ರೂಪಾಯಿಯಗಲ ಮಾಸಲು ಬಿಳುಪು. ಮದ್ದಳೆಯ ಕುಂಜು ಪೊದುವಾಳ್ ಮೊದಲು ಕಂಡ.

"ಏನೋ ರಾವುಣ್ಣಿ, ಆಶಾನರನ್ನ ವೀಳ್ಯದೆಲೆ ಅಂದ್ಕೊಂಡ್ಯಾ? ಈ ಪಾಟಿ ಸುಣ್ಣ ಬಳ್ದಿದ್ದೀಯ."

"ಬಿಡೋ ಪೊದುವಾಳೆ," ಅಂದರು ಆಶಾನ್. "ನನ್ನ ಹೆಂಡ್ತಿಗಿಂತ ಜಾಸ್ತಿ ಸಲ ಇವನು ಈ ಮುಖ ಸವರಿದ್ದಾನೆ. ಸ್ವಲ್ಪ ಬಣ್ಣ ಹೋಗ್ಲಿ."

ಎಲ್ಲರೂ ನಕ್ಕರು. "ಹೌದು, ಸುಣ್ಣ ಜಾಸ್ತಿ ಆಯ್ತು," ಅಂದೆ. ಆಗಿರಲಿಲ್ಲ. ತಪ್ಪು ಒಪ್ಪಿಕೊಂಡು ಹಗುರಾದದ್ದು ಇದೇ ಮೊದಲು.

ನವೆಂಬರ್ 30

ಮೂರು ಆಟ ಎಡಗಡೆಗೆ ಸುಣ್ಣವೇ ಇಲ್ಲದ ಹಿಟ್ಟು. ಕಲೆ ಹೋಗಲಿಲ್ಲ. ಅಗಲವಾಗಿದೆ. ಇವತ್ತು ಹಿಟ್ಟು ಹಚ್ಚುವ ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಚುಚ್ಚಿದೆ, ಮೆಲ್ಲಗೆ, ಆಮೇಲೆ ಮೆಲ್ಲಗಲ್ಲದೆ. ಆಶಾನ್ ಬೆರಳಲ್ಲಿ ತಾಳ ಹಾಕುತ್ತಾ ಮಲಗಿಯೇ ಇದ್ದರು.

ಅಮ್ಮನ ಅಣ್ಣ ನೆನಪಾದ. ಕೊಟ್ಟಿಗೆಯ ಪಕ್ಕದ ಕೋಣೆ, ಬೇರೆ ತಟ್ಟೆ. ಬೀಡಿ ಬೆರಳವರೆಗೆ ಉರಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ವಾಸನೆ ನಮಗೆ ಮೊದಲು ಬರುತ್ತಿತ್ತು.

ಆ ಪದ ಇಲ್ಲಿ ಬರೆಯುವುದಿಲ್ಲ.

ಡಿಸೆಂಬರ್ 4

ಕುಷ್ಠ. ಬರೆದೆ.

ಒಂದೇ ಬಟ್ಟಲು, ಒಂದೇ ಕಡ್ಡಿ, ಎಲ್ಲ ಮುಖಕ್ಕೂ. ನನ್ನ ಕೈ.

ಈಗ ಪ್ರತಿ ಬೆಳಿಗ್ಗೆ ಹತ್ತೂ ಬೆರಳನ್ನು ಬಿಸಿ ಚಹಾದ ಗ್ಲಾಸಿಗೆ ಒತ್ತಿ ನೋಡುತ್ತೇನೆ. ಸುಡುತ್ತದೆ. ಸಂತೋಷವಾಗುತ್ತದೆ. ಆ ಸಂತೋಷ ಕಂಡರೆ ಹೇಸಿಗೆ.

ಡಿಸೆಂಬರ್ 11

ಶೊರ್ನೂರು. ಚರ್ಮದ ಡಾಕ್ಟರು. "ಪರಿಚಯದವರೊಬ್ಬರಿಗೆ" ಅಂದೆ. ಆಕೆ ನನ್ನ ಕೈ ಹಿಡಿದು ತಿರುವಿ ನೋಡಿದರು.

"ನಿಮಗೇನಿಲ್ಲ. ಅವರಿಗೆ ಇದ್ರೂ ಹೆದರೋದೇನಿಲ್ಲ, ಮಾತ್ರೆಗೆ ವಾಸಿಯಾಗುತ್ತೆ. ಶುರು ಮಾಡಿದ್ರೆ ಇನ್ನೊಬ್ಬರಿಗೆ ಅಂಟೋದೂ ನಿಲ್ಲುತ್ತೆ. ಆದ್ರೆ ಕಿವಿ ಮುಂದೆ ಅಂದ್ರಲ್ಲ... ಕಣ್ಣಿನ ರೆಪ್ಪೆಗೆ ಹೋಗೋ ನರ ಅಲ್ಲೇ ಇರೋದು. ಅದು ಸತ್ತರೆ ಮಾತ್ರೆ ಏನೂ ಮಾಡಲ್ಲ. ಏನ್ ಕೆಲಸ ಅವರಿಗೆ?"

"ಕಣ್ಣಿನ ಕೆಲಸ," ಅಂದೆ.

"ಹಾಗಾದ್ರೆ ನಾಳೆನೇ ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಮಾತು ಜೋಡಿಸಿದೆ. ಒಟ್ಟಪಾಲಂನಲ್ಲಿ ಇಳಿಯುವಷ್ಟರಲ್ಲಿ ಚದುರಿತ್ತು.

ಡಿಸೆಂಬರ್ 12

ಹೋದೆ. ಆಶಾನ್ ರೆಪ್ಪೆಗೆ ತುಪ್ಪ ಹಚ್ಚಿಕೊಂಡು ಕಣ್ಣಿನ ಸಾಧಕದಲ್ಲಿದ್ದರು. ಮೇಲೆ, ಕೆಳಗೆ, ಸುತ್ತ. ಅರವತ್ತೊಂದರಲ್ಲೂ ಒಂದು ಬೆಳಗು ತಪ್ಪಿಸಿಲ್ಲ.

"ಏನೋ, ಇಷ್ಟು ಬೇಗ?"

"ಸುಮ್ನೆ, ಆಶಾನ್."

"ಸುಮ್ನೆ ಬರೋ ಆಸಾಮಿ ಅಲ್ಲ ನೀನು. ಕೂತ್ಕೋ, ದೋಸೆ ತಿಂದು ಹೋಗು."

ತಿಂದೆ. ಬಂದೆ.

ಹೇಳಿದರೆ ಅವರನ್ನು ಯಾರು ಆಟಕ್ಕೆ ಕರೆಯುತ್ತಾರೆ? ಅವರ ಮುಖ ಮುಟ್ಟಿದ ಕೈಗೆ ಯಾರು ಮುಖ ಕೊಡುತ್ತಾರೆ? ನಿಜ ಹೇಳಬೇಕೆಂದರೆ ಎರಡನೆಯ ಪ್ರಶ್ನೆಯೇ ಮೊದಲು ಬಂದದ್ದು.

ಜನವರಿ 3

ಐದು ಆಟ ಆಯಿತು. ಹೇಳಿಲ್ಲ.

ಜನವರಿ 17

ಮಧ್ಯಾಹ್ನ ಮೂರಕ್ಕೆ ಚುಟ್ಟಿ. ಆಶಾನ್ ಗೊರಕೆ ಹೊಡೆಯುತ್ತಿದ್ದರು. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಗಳ ನಡುವೆ ಬಿಳಿಯ ಎಳೆ. ಬೆರಳಿಂದ ಮೆಲ್ಲಗೆ ಮುಚ್ಚಿದೆ. ತೆರೆದುಕೊಂಡಿತು. ಮತ್ತೆ ಮುಚ್ಚಿದೆ.

ಪೊದುವಾಳ್ ಬಗ್ಗಿ ನೋಡಿದ. "ಆಶಾನ್ ಈಗ ಒಂದು ಕಣ್ಣು ತೆರ್ಕೊಂಡೇ ಮಲಗ್ತಾರೆ. ನಿನ್ನ ಮೇಲಿನ ನಂಬಿಕೆ ಹೋಯ್ತು ಕಣೋ."

ನಗಬೇಕಿತ್ತು. ಕೈಯಲ್ಲಿದ್ದ ಕಡ್ಡಿ ಬಿತ್ತು.

ಜನವರಿ 18, ಸಂಜೆ

ಹೊರಗೆ ಚೆಂಡೆ ಶುರುವಾಗಿದೆ. ಆಶಾನ್ ರಂಗಕ್ಕೆ ಹೋದರು. ಬಣ್ಣ ಹಚ್ಚುವ ಅಣಿಯರದಲ್ಲಿ ನಾನೊಬ್ಬನೇ, ಹಿಟ್ಟಿನ ಬಟ್ಟಲಿನ ಪಕ್ಕ.

ಹಿಟ್ಟು ಹಸಿಯಿದ್ದಾಗಲೇ ಹೇಳಿದೆ. ಬೇಕೆಂದೇ. ಒಂದು ಗಂಟೆ ಅವರು ಬಾಯಿ ತೆರೆಯುವಂತಿಲ್ಲವಲ್ಲ... ಅಷ್ಟು ಹೊತ್ತು ನನಗೆ ಸಿಗುತ್ತದೆ.

"ಆಶಾನ್, ಅದು ಸುಣ್ಣದ ಕಲೆ ಅಲ್ಲ."

ಬಲಗಣ್ಣು ತೆರೆದರು. ಎಡದ್ದು ಆಗಲೇ ತೆರೆದಿತ್ತು. ಡಾಕ್ಟರು ಹೇಳಿದ್ದು, ಮಾತ್ರೆ, ನರ, ರೆಪ್ಪೆ... ಎಲ್ಲ ಹೇಳಿದೆ. ಆ ಪದವನ್ನೂ. ಬಲಗಣ್ಣಿನಿಂದ ನೀರಿಳಿಯಿತು. ಚುಟ್ಟಿಗೆ ತಾಗುವ ಮೊದಲು ಬಟ್ಟೆಯ ತುದಿಯಿಂದ ಒತ್ತಿಕೊಂಡೆ. ಕೈಗೆ ತನ್ನ ಕೆಲಸ ಗೊತ್ತಿತ್ತು.

ಮುಖ ಅಲುಗಲಿಲ್ಲ. ಎಂಥ ನಟ.

ಆಮೇಲೆ ಎದೆಯ ಮೇಲಿದ್ದ ಕೈ ಎದ್ದಿತು. ನೀರಿಗೆಂದು ಚೊಂಬು ಎತ್ತಿಕೊಂಡೆ. ನೀರಲ್ಲ. ರಂಗದ ಮೇಲೆ ನೂರು ಸಲ ನೋಡಿದ ಮುದ್ರೆ, ಅವಸರವಿಲ್ಲದೆ, ಬೆರಳು ಬೆರಳಾಗಿ. ಎಷ್ಟು ದಿನದಿಂದ ಗೊತ್ತು?

ನವೆಂಬರ್ ಎಂಟು. ಇದೇ ಪುಸ್ತಕದಲ್ಲಿ ಇದೆ.

"ನಿನ್ನೆಯಿಂದ, ಆಶಾನ್," ಅಂದೆ.

ಕೈ ಇಳಿಯಲಿಲ್ಲ. ಅದೇ ಮುದ್ರೆ, ಮತ್ತೊಮ್ಮೆ, ಇನ್ನೂ ನಿಧಾನವಾಗಿ. ನಾನು ಚೊಂಬು ಕೆಳಗಿಟ್ಟು, ಕಡ್ಡಿ ಎತ್ತಿಕೊಂಡು ಉಳಿದ ಚುಟ್ಟಿ ಎಬ್ಬಿಸತೊಡಗಿದೆ.