ಐದು ಕಂಪ್ಯೂಟರು, ಒಂದು ತಂಬೂರಿ

11 ಮಾರ್ಚ್ 2008, ಮಂಗಳವಾರ

ಇವತ್ತೂ ಎರಡು ಕಪ್ಪಿನ ನೀರು ಇಟ್ಟೆ. ಸುಲಭಾ ಹೋಗಿ ನಾಲ್ಕು ತಿಂಗಳು, ಕೈಗೆ ಇನ್ನೂ ತಿಳಿದಿಲ್ಲ. ಎರಡನೆಯದನ್ನೂ ನಾನೇ ಕುಡಿದೆ.

ಮನೆ ಬಹಳ ಸುಮ್ಮನಿದೆ. ಮುಂಜಾನೆ ಐದಕ್ಕೆ ತಂಬೂರಿ ಇಲ್ಲ. ಮಣಿಕಟ್ಟು ನೋಯತೊಡಗಿ ಖರೇ ತಂಬೂರಿ ಹಿಡಿಯುವುದು ನಿಂತಾಗ, ಇಂಟರ್ನೆಟ್ಟಿನ ಹಾಡಿನಂಗಡಿಯಿಂದ ಒಂದು ತಾಸಿನ ತಂಬೂರಿ ಕೊಂಡಳು. ಅವಳದೇ ಶ್ರುತಿ, ಹಾರ್ಮೋನಿಯಮ್ಮಿನ ಕರಿ ನಾಲ್ಕು. ಕರೆಂಟಿನ ಪೆಟ್ಟಿಗೆ ತಂಬೂರಿ ಅವಳಿಗೆ ಸೇರುತ್ತಿರಲಿಲ್ಲ — "ಸೊಳ್ಳಿ ಗುಂಯ್ ಅಂದ್ಹಾಂಗ ಅಂತದ ಅದು." ಈ ಕೊಂಡದ್ದರಲ್ಲಿ ಯಾರೋ ಪುಣ್ಯಾತ್ಮ ಕೂತು ನುಡಿಸಿದ್ದಾನೆ. ಇಪ್ಪತ್ತೆರಡನೆಯ ನಿಮಿಷಕ್ಕೆ ಸಣ್ಣಗೆ ಕೆಮ್ಮುತ್ತಾನೆ. ಆಗ ಹಾಡುತ್ತಲೇ ನನ್ನ ಕಡೆ ಕೈ ಮಾಡುವಳು. ಚಾ ಇಡಬೇಕು. ಮೂರು ವರ್ಷ ನನಗೆ ಆ ಕೆಮ್ಮೇ ಅಲಾರಂ.

ಅವಳ ಕಂಪ್ಯೂಟರನ್ನು ಶಿಷ್ಯೆ ಶರೀಫಾಬಿಗೆ ಕೊಟ್ಟೆ, ಹದಿಮೂರನೆಯ ದಿನವೇ. ಭಟ್ಟರು ಹುಬ್ಬೇರಿಸಿದರು. ಸುಲಭಾ ಬಳಸಿದ್ದು ಬಳಸುವವರಿಗೇ ಹೋಗಲಿ ಅಂದೆ. ಆ ಮೇಲೆ ಶರೀಫಾಬಿಯ ಮನೆಗೆ ಹೋಗಿಲ್ಲ. ಎರಡೇ ಓಣಿ ಆಚೆ, ಆದರೂ... ಆ ಕಂಪ್ಯೂಟರನ್ನು ನೋಡಬೇಕಾಗುತ್ತದೆ.

ಸಂಜೆ ದುರ್ಗದಬೈಲಿಗೆ ಬಸ್ಸು ಹಿಡಿದು ಉಳವಪ್ಪನ ಸೈಬರ್ ಕೆಫೆಗೆ ಹೋದೆ. ಆ ಹಾಡಿನಂಗಡಿ ತೆರೆದು ಸುಲಭಾಳ ಪಾಸ್‌ವರ್ಡ್ ಹೊಡೆದೆ. ಈ ಅಕೌಂಟಿನ ಹಾಡು ನುಡಿಯುವುದು ಐದೇ ಕಂಪ್ಯೂಟರಿನಲ್ಲಿ, ಐದೂ ಭರ್ತಿ ಎಂದು ಬಂತು. ಇರಬೇಕು. ಅವಳು ಬದಲಿಸಿದ ಹಳೆಯವು, ಅವಳ ತಮ್ಮ ಅತುಲನ ಮನೆಯವು. ಕೆಳಗೊಂದು ಬಟನ್ — ರಿಮೂವ್ ಆಲ್. ಹಳೇ ಕಸ ತಾನೇ. ಒತ್ತಿದೆ.

"ಆಲ್ ಕಂಪ್ಯೂಟರ್ಸ್ ಹ್ಯಾವ್ ಬೀನ್ ರಿಮೂವ್ಡ್." ಪಾಸಿವ್ ವಾಯ್ಸ್. ಮಾಡಿದವನ ಹೆಸರು ಹೇಳುವುದು ಬೇಡವಾದಾಗ ಬಳಸಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು... ಬಿ.ಎ. ಎರಡನೆಯ ವರ್ಷ ಇರಬೇಕು. ಇರಲಿ. ಹೆಡ್‌ಫೋನಿನಲ್ಲಿ ತಂಬೂರಿ ಬಂತು. ಇಡೀ ತಾಸು ಕೂತೆ. ಕೆಮ್ಮಿದ!

2 ಏಪ್ರಿಲ್, ಬುಧವಾರ

ದಿನಾ ಕೆಫೆ. ಖಾಲಿ ಇದ್ದ ಕ್ಯಾಬಿನ್‌ನಲ್ಲಿ ಕೂರುವುದು. ಪ್ರತಿ ಹೊಸ ಕ್ಯಾಬಿನ್ ಕೇಳುತ್ತದೆ, ಈ ಕಂಪ್ಯೂಟರಿಗೂ ಪರವಾನಗಿ ಕೊಡಲೇ ಎಂದು. ಎಸ್ ಎಂದೆ. ಅಷ್ಟು ಮರ್ಯಾದೆಯಿಂದ ಕೇಳುವಾಗ ಇಲ್ಲ ಅನ್ನುವುದು ಹೇಗೆ? ಇವತ್ತು ಆರನೆಯ ಕ್ಯಾಬಿನ್ ಮಾತ್ರ ಆಗದು ಅಂದಿತು. ಒಂದನೆಯದು ಖಾಲಿಯಾಗುವತನಕ ಕಾದೆ.

ನಾನು ಹೊರಗೆ ಬರುವಾಗ ಉಳವಪ್ಪ ಹಿಡಿದ. "ಬಿಂದುಕಾಕಾರ, ಒಳಗ ಕಣ್ಣ ಮುಚ್ಚಿ ಏನ ನೋಡ್ತೀರಿ? ಮಂದಿ ಸಂಶೇ ಪಡಾಕತ್ತಾರ್ರಿ."

"ಚಾ ಇಡೋ ಹೊತ್ತು ಆತೇನಂತ ನೋಡ್ತೇನಪಾ."

ನಕ್ಕ. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

12 ಅಕ್ಟೋಬರ್, ರವಿವಾರ

ಬಹಳ ದಿನ ಬರೆದಿಲ್ಲ. ಕೆಫೆ ಹೋದ ತಿಂಗಳು ಮುಚ್ಚಿತು. ನಾನೇ ಒಂದು ಕಂಪ್ಯೂಟರ್ ತಂದೆ. ಖಂಡೇನವಮಿಯ ಆಯುಧಪೂಜೆಗೆ ಕುಂಕುಮ ಹಚ್ಚಿದೆ, ಇವತ್ತು ಪಾಸ್‌ವರ್ಡ್ ಹೊಡೆದೆ.

ಐದೂ ಭರ್ತಿ.

ಉಳವಪ್ಪನ ಐದು ಕ್ಯಾಬಿನ್! ನನ್ನದೇ ದಡ್ಡತನ. ರಿಮೂವ್ ಆಲ್ ಒತ್ತಿದೆ. ಅದು ವರ್ಷಕ್ಕೊಮ್ಮೆ ಮಾತ್ರವಂತೆ. ಇನ್ನು ಮಾರ್ಚ್‌ಗೇ. ಬರುವ ತಿಂಗಳು ಹದಿನಾಲ್ಕಕ್ಕೆ ಸುಲಭಾಳ ವರ್ಷಾಂತಿಕ. ಆ ಒಂದು ಮುಂಜಾನೆಯಾದರೂ ಈ ಮನೆಯಲ್ಲಿ ಅದು ನುಡಿಯಬೇಕು. ಒಂದೊಂದಾಗಿ ತೆಗೆಯಬಹುದು, ಆದರೆ ಆಯಾ ಕಂಪ್ಯೂಟರಿನ ಮುಂದೆಯೇ ಕೂತು ತೆಗೆಯಬೇಕು. ಅವು ಈಗ ಎಲ್ಲಿವೆಯೋ.

5 ನವೆಂಬರ್, ಬುಧವಾರ

ಉಳವಪ್ಪ ಕಡೆಗೂ ಸಿಕ್ಕ. ಆ ಐದರಲ್ಲಿ ನಾಲ್ಕು ಗುಜರಿಗೆ ಹೋದವು. ಒಂದು ಧಾರವಾಡದಲ್ಲಿ, ಅವನ ಹೆಂಡತಿಯ ತಮ್ಮ ಮೈಲಾರಿಯ ಝೆರಾಕ್ಸ್ ಅಂಗಡಿಯಲ್ಲಿ. ಹೋದೆ. ಕಾಲೇಜು ಹುಡುಗಿಯರ ಸಾಲು. ನನ್ನ ಪಾಳಿ ಬಂತು.

"ಏನ್ ಟೈಪ್ ಮಾಡಬೇಕ್ರಿ ಅಜ್ಜಾರ?"

"ಟೈಪ್ ಅಲ್ಲಪಾ. ಒಂದು ಲಿಸ್ಟಿನಾಗಿಂದ ತೆಗೀಬೇಕಾಗೇದ."

"ವೋಟರ್ ಲಿಸ್ಟೇನ್ರಿ? ಇನ್ನೂ ಗಟ್ಟಿ ಅದೀರಲ್ರಿ, ಇಷ್ಟ ಲಗೂ ಯಾಕ ತೆಗಿಸ್ತೀರಿ?"

ಸಾಲೆಲ್ಲಾ ನಕ್ಕಿತು, ನಾನೂ ನಕ್ಕೆ. ತೆಗೆದೆ. ಒಂದು ಜಾಗ ಖಾಲಿ. ಒಂದೇ ಒಂದು.

ಮನೆಗೆ ಬಂದರೂ ತಂಬೂರಿ ಹಚ್ಚಲಿಲ್ಲ. ಹದಿನಾಲ್ಕಕ್ಕೇ ಹಚ್ಚಬೇಕು. ಶರೀಫಾಬಿಯನ್ನೂ ಕರೆಯಬೇಕು.

9 ನವೆಂಬರ್, ರವಿವಾರ. ರಾತ್ರಿ

ಕರೆಯಲು ಹೋದೆ. ಈ ಚಳಿಯಲ್ಲಿ ಅವರ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ತಾಯಿ ಲಾಲಬಿ ಶಾಲು ಹೊದ್ದು ಕೂತಿದ್ದಳು. "ನೀವರ ಹೇಳ್ರಿ ಅಣ್ಣಾರ. ಹಾಡೂದು ಇಕಿ, ನಡಗೂದು ನಾವು."

ಶರೀಫಾಬಿ ನಾಚಿದಳು. "ಫ್ಯಾನ ಮೂರಕ್ಕ ಇಟ್ರ ಅದರ ಗುಂಯ್ ಕರಿ ನಾಕರ ಸನೇಕ ಬರತೈತ್ರಿ ಕಾಕಾ."

"ಯಾಕ, ಕಾಕೂನ ತಂಬೂರಿ?"

"ಹೋಳಿ ಹುಣ್ಣಿವಿ ಸುಮಾರಕ್ಕ ಬಂದ್ ಆತ್ರಿ. ಪಾಸ್‌ವರ್ಡ್ ಕೇಳಾಕತ್ತಿತು."

"ನನಗ್ಯಾಕ ಹೇಳಲಿಲ್ಲ?"

"ನೀವ ಬಂದ್ ಮಾಡೀರಿ ಅನಕೊಂಡೆ. ಕಾಕೂಂದಲ್ರಿ ಅದು... ಬ್ಯಾರೇದವರು ಕೇಳೂದು ನಿಮಗ ಮನಸಿಲ್ಲೇನೋ ಅಂತ."

ಎಂಟು ತಿಂಗಳು. ಹಳೇ ಕಸ ಎಂದು ಒತ್ತಿದ ಐದರಲ್ಲಿ ಇದೂ ಒಂದು. ನಾನೇ ಕೊಟ್ಟದ್ದು, ನೆನಪಾಗಲಿಲ್ಲ. ಹುಡುಗಿ ಫ್ಯಾನಿನ ಜೊತೆ ಹಾಡುತ್ತಾ ಕೂತಳು, ಕರೆಂಟು ಹೋದರೆ ಅದೂ ಇಲ್ಲದೆ. ಇಪ್ಪತ್ತಕ್ಕೆ ರೇಡಿಯೋ ಆಡಿಷನ್. ಆ್ಯಕ್ಟಿವ್ ವಾಯ್ಸ್‌ನಲ್ಲಿ ಬರೆಯುತ್ತೇನೆ: ನಾನು ತೆಗೆದೆ.

ಒಂದೇ ಜಾಗ ಉಳಿದಿದೆ ಎಂದು ಹೇಳಿದೆ. ಅವಳೇ ಅಂದಳು, "ನಿಮ್ಮ ಮನ್ಯಾಗ ಹಚ್ರಿ ಕಾಕಾ. ನಾ ಅಲ್ಲೇ ಬರ್ತೇನಿ ದಿನಾ."

"ಐದಕ್ಕ? ಕತ್ತಲ್ಯಾಗ?" ಲಾಲಬಿ.

ಕಂಪ್ಯೂಟರಿನ ಮುಂದೆ ಕೂತೆ. ಅಂಚಿನಲ್ಲಿ ಸುಲಭಾಳ ಅರಿಶಿನದ ಬೆರಳಚ್ಚು ಇನ್ನೂ ಇದೆ. ಒರೆಸಿಲ್ಲ ಇವರು. ಪಾಸ್‌ವರ್ಡಿನ ಕೊನೆಯ ಅಕ್ಷರಕ್ಕೆ ಕೈ ಸ್ವಲ್ಪ ತಡೆಯಿತು. ಸುಳ್ಳೇಕೆ, ತಡೆಯಿತು. ಹೊಡೆದೆ. ಲಾಲಬಿ ಎದ್ದು ಮೊದಲು ಫ್ಯಾನು ಆರಿಸಿದಳು.

"ಬರೂದು ನಾನು. ಮುದುಕಗ ಕತ್ತಲಿ ಏನ್ ಮಾಡ್ತದ?" ಅಂದು ಹೊರಟೆ. ನಿಂತು ಕೇಳಲಿಲ್ಲ. ಆಗುತ್ತಿರಲಿಲ್ಲ. ಮನೆಗೆ ಬಂದು ಹೊಸ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದೆ.

14 ನವೆಂಬರ್, ಶುಕ್ರವಾರ. ಮುಂಜಾನೆ 5.10

ಭಟ್ಟರು ಬರುವುದು ಹತ್ತಕ್ಕೆ. ಶ್ರಾದ್ಧ ಮುಗಿಯುವತನಕ ನನ್ನ ಬಾಯಿಗೆ ಏನೂ ಇಲ್ಲ. ಲಾಲಬಿಯ ಮನೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೀದಿ ದೀಪ ಸಾಕು. ಕೆರೆ ಕಡೆಯಿಂದ ಗಾಳಿ. ಐದಕ್ಕೆ ಸರಿಯಾಗಿ ಹಚ್ಚಿದಳು. ಅದೇ ತಂಬೂರಿ. ಶರೀಫಾಬಿಯ ಷಡ್ಜ ಮೊದಲು ಸ್ವಲ್ಪ ಒಡೆಯಿತು, ಆಮೇಲೆ ನಿಂತಿತು. ಸುಲಭಾಳ ಧ್ವನಿಯಲ್ಲ. ಆಗಬೇಕಾಗಿಯೂ ಇಲ್ಲ.

5.22

ಕೆಮ್ಮಿದ.

ಶರೀಫಾಬಿ ಹಾಡುತ್ತಲೇ ಕಿಟಕಿಯಿಂದ ನನ್ನ ಕಡೆ ಕೈ ಮಾಡಿದಳು. ನೋಡಿ ಕಲಿತಿದ್ದಾಳೆ, ಕಳ್ಳಿ. ನಾನು ಆಗಲೇ ಎದ್ದು ನಿಂತಿದ್ದೆ. ಇವತ್ತು ಕುಡಿಯುವ ಹಾಗಿಲ್ಲ, ಇಡುವುದಕ್ಕೇನು. ಲಾಲಬಿ ಒಲೆ ಬಿಟ್ಟುಕೊಟ್ಟು ಪಾತ್ರೆ ಕೈಗೆ ಕೊಟ್ಟಳು. ನೀರು ಎಷ್ಟು ಕಪ್ಪು — ಶರೀಫಾಬಿಗೊಂದು, ಲಾಲಬಿಗೊಂದು, ಕೈ ತಾನೇ ಸುಲಭಾಳಿಗೂ ಒಂದು ಅಳೆಯಿತು.