ಐವತ್ತು ನಿಮಿಷದ ದಾರಿ

ಹನ್ನೊಂದನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಒಂದೇ ಮನೆಯಲ್ಲಿದ್ದು ಪತ್ರವೇ ಎಂದು ನಗಬೇಡ. ಮೊನ್ನೆ ಶುಕ್ರವಾರ ಕೋರ್ಟಿನ ಮೆಟ್ಟಿಲ ಮೇಲಿಂದ ಫೋನ್ ಮಾಡಿ ನೀನು, "ಬಿಡೇ, ಬಸ್ಸು ಕೆಟ್ಟು ನಿಂತ್ರೆ ನೀನೇನ್ ಮಾಡ್ತೀಯ?" ಎಂದು ನನ್ನನ್ನೇ ಸಮಾಧಾನ ಮಾಡಿದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಭೆಯಲ್ಲಿ ಮೇಜು ಗುದ್ದಿ ಮಾತಾಡುವವಳಿಗೆ ನಿನ್ನ ಮುಖ ನೋಡಿ ಹೇಳುವ ಧೈರ್ಯವಿಲ್ಲ.

ಪುಟ್ಟಿ ನಿನ್ನ ಬಳಿ ಇರಬೇಕೋ ಅವಳಪ್ಪನ ಬಳಿಯೋ ಎಂಬ ವಿಚಾರಣೆ ಭಾವನ ಊರಿನಲ್ಲಿತ್ತು. "ಎರಡೂ ಊರಲ್ಲಿ ಏರ್‌ಪೋರ್ಟ್ ಇದ್ಯಲ್ಲ, ವಿಮಾನಕ್ಕೇ ಹೋಗ್ಬಿಡ್ಲಾ?" ಎಂದು ನೀನು ಕೇಳಿದ್ದೆ. "ರನ್‌ವೇ ವಿರುದ್ಧದ ನನ್ನ ಕರಪತ್ರ ಓದೇ ಇಲ್ವಾ ನೀನು? ಬಸ್ಸಿಗಿಂತ ಉಳಿಯೋದು ಬರೀ ಅರ್ಧ ಗಂಟೆ!" ಎಂದು ನಾನು ನಕ್ಕೆ. ಓದಿದ್ದೆ ನೀನು. ಹೊಲಿಗೆ ಮೆಷಿನ್ನಿನ ಮೇಲೆ ಅಂಟಿಸಿಕೊಂಡು, "ನಮ್ ತಂಗೀದು, ಲೆಕ್ಕ ಹಾಕಿ ಬರ್ದಿದಾಳೆ" ಎಂದು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದೆ.

ಆ ಲೆಕ್ಕ ಸುಳ್ಳು, ಅಕ್ಕಾ.

ಎರಡು ವಿಮಾನ ನಿಲ್ದಾಣಗಳ ನಡುವೆ ಇನ್ನೂರ ಅರವತ್ತು ಕಿಲೋಮೀಟರ್, ಐವತ್ತು ನಿಮಿಷ. ನಮ್ಮ ಬಾಗಿಲಿನಿಂದ ಕೋರ್ಟಿನ ಬಾಗಿಲಿಗೆ ನಾಲ್ಕು ಗಂಟೆ ಸಾಕು. ನಾನು ಏಳೂವರೆ ಎಂದು ಬರೆದೆ. ವಿಮಾನದವರು ಒಂದು ಗಂಟೆ ಮೊದಲು ಬನ್ನಿ ಎಂದಿದ್ದನ್ನು ಮೂರು ಮಾಡಿದೆ. ಮಂಜು ಕವಿದು ವಿಮಾನ ಒಂದೂವರೆ ಗಂಟೆ ತಡವಾದ ಒಂದೇ ಒಂದು ದಿನವನ್ನು ಹುಡುಕಿ, ಅದನ್ನು ಎಲ್ಲ ದಿನಗಳ ತಲೆಗೂ ಕಟ್ಟಿದೆ. ಘಟ್ಟ ಸುತ್ತಿ ಹೋಗುವ ಬಸ್ಸಿಗೆ ಮಾತ್ರ ನಿಲ್ದಾಣದ ಹಲಗೆಯ ಮೇಲಿದ್ದ ಎಂಟು ಗಂಟೆಯನ್ನೇ ಇಳಿಸಿಕೊಂಡೆ. ಅದು ಹತ್ತು ಗಂಟೆಗಿಂತ ಕಡಿಮೆಯಲ್ಲಿ ಮುಟ್ಟಿದ್ದೇ ಇಲ್ಲವೆಂದು ಅದರಲ್ಲಿ ಓಡಾಡುವವರಿಗೆಲ್ಲ ಗೊತ್ತು.

ರನ್‌ವೇ ಉದ್ದ ಮಾಡಲು ಗಿರಣಿ ಕೆಲಸಗಾರರ ಮೂವತ್ತು ಮನೆ ಕೆಡವುವುದು ಅನ್ಯಾಯ. ಇವತ್ತೂ ಹಾಗೇ ಅನ್ನುತ್ತೇನೆ. ಆ ಸತ್ಯವೊಂದೇ ಸಾಕಿತ್ತು, ನನಗೆ ಸಾಲಲಿಲ್ಲ. ಮುದ್ರಣದ ಅಂಗಡಿಯವನು, "ಏನಮ್ಮಾ, ಇದು ವಿಮಾನಾನೋ ಎತ್ತಿನ ಗಾಡೀನೋ?" ಎಂದು ನಕ್ಕಾಗ ಬಂಡವಾಳಗಾರರ ಬಾಲ ಎಂದು ಅವನನ್ನು ಬೈದು ಬಂದೆ.

ನೀನು ಬೆಳಗ್ಗೆ ಐದಕ್ಕೆ ಹೊರಟು, ಮೂರರ ವಿಚಾರಣೆಗೆ ನಾಲ್ಕೂವರೆಗೆ ಮುಟ್ಟಿದೆ. "ಹೆತ್ತವಳಿಗೆ ಬರೋಕೂ ಪುರುಸೊತ್ತಿಲ್ಲ ಸ್ವಾಮಿ" ಎಂದನಂತೆ ಭಾವನ ವಕೀಲ. ಮುಂದಿನ ತಾರೀಕಿನವರೆಗೆ ಪುಟ್ಟಿ ಅಪ್ಪನ ಬಳಿಯೇ ಇರಲಿ ಎಂದಾಯಿತು. ನೀನು ಅವಳಿಗೆಂದು ಹೊಲಿದ ಹಳದಿ ಅಂಗಿ ಚೀಲದಲ್ಲೇ ವಾಪಸ್ಸು ಬಂತು. ನಿನ್ನೆ ಅದನ್ನು ಮತ್ತೆ ಇಸ್ತ್ರಿ ಮಾಡುತ್ತಿದ್ದೆ ನೀನು. ನಾನು ಓದುವ ನೆಪ ಮಾಡಿ ಪುಸ್ತಕದಲ್ಲಿ ತಲೆ ಹುದುಗಿಸಿ ಕೂತಿದ್ದೆ.

ಇಪ್ಪತ್ತಾರರ ವಿಚಾರಣೆಗೆ ವಿಮಾನದಲ್ಲೇ ಹೋಗು. ಹಿಂದಿನ ದಿನವೇ ಹೋಗು. ಈ ಪತ್ರವನ್ನೂ ಕರಪತ್ರವನ್ನೂ ನಿನ್ನ ವಕೀಲರ ಕೈಗೆ ಕೊಡು. ನಿನ್ನನ್ನು ದಾರಿ ತಪ್ಪಿಸಿದವಳು ಯಾರೆಂದು ನ್ಯಾಯಾಧೀಶರು ಓದಲಿ. ಕರೆದರೆ ಬಂದು ಹೇಳುತ್ತೇನೆ. ಹೋರಾಟದ ಗೆಳೆಯರು ಮುಖ ತಿರುಗಿಸಿದರೆ ತಿರುಗಿಸಲಿ.

ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಆ ಮಾತನ್ನು ಮೊದಲು ಪುಟ್ಟಿಯ ಹತ್ತಿರ ಕೇಳಬೇಕು.

ನಿನ್ನ ತಂಗಿ

ಬಚ್ಚಿಟ್ಟ ಮಾತು: ನಾಲ್ಕು ಗಂಟೆ ಸಾಕೆಂದು ನಿನಗೆ ಹೇಗೆ ಗೊತ್ತು ಎಂದು ನ್ಯಾಯಾಧೀಶರು ನನ್ನನ್ನು ಕೇಳಿಯೇ ಕೇಳುತ್ತಾರೆ. ಕರಪತ್ರ ಬರೆಯುವುದಕ್ಕೆ ಹಿಂದಿನ ವಾರ ಭಾವನ ಊರಿನ ಸಭೆಗೆ ನಾನು ಹೋದದ್ದು ವಿಮಾನದಲ್ಲಿ. ಕಿಟಕಿಯ ಪಕ್ಕ ಕೂತಿದ್ದೆ. ಇಳಿಯಲು ಮನಸ್ಸೇ ಬಂದಿರಲಿಲ್ಲ. ವೇದಿಕೆ ಹತ್ತಿ, ಬಸ್ಸಿನಲ್ಲಿ ಬಂದೆ ಎಂದು ಚಪ್ಪಾಳೆ ಹೊಡೆಸಿಕೊಂಡೆ. ಟಿಕೆಟ್ಟಿನ ಚೂರನ್ನು ಇದರೊಳಗೆ ಇಟ್ಟಿದ್ದೇನೆ. ಹೊರಟ ಹೊತ್ತು, ಮುಟ್ಟಿದ ಹೊತ್ತು, ನನ್ನ ಹೆಸರು, ಎಲ್ಲ ಅದರ ಮೇಲೆ ಅಚ್ಚಾಗಿದೆ.